ಗೇಣಿಯ ಅಕ್ಕಿ ಮತ್ತು ಹೊಸ ವಿಚಾರ

ನನ್ನ ಅಜ್ಜ ಮಂಗಳೂರಿನ ಒಂದು ಹೈಸ್ಕೂಲಿನಲ್ಲಿ ಚರಿತ್ರೆಯ ಅಧ್ಯಾಪಕರಾಗಿದ್ದರು. ಫ್ರಾನ್ಸಿನ ಮಹಾಕ್ರಾಂತಿ ಅವರಿಗೆ ಬಲು ಪ್ರಿಯವಾದ ಪಾಠ. ನಿವೃತ್ತರಾದ ಮೇಲೂ ಆ ಪಾಠ ಅವರನ್ನು ಬಿಟ್ಟಿರಲಿಲ್ಲ. ಸಂಜೆಯ ಹೊತ್ತು ಜಗಲಿಯಲ್ಲಿ ಕುಳಿತು, ಎದುರಿಗೆ ಸಿಕ್ಕಿದವರು ನೆರೆಮನೆಯವರಾಗಲಿ ಮೊಮ್ಮಕ್ಕಳಾಗಲಿ, 1789ನೆಯ ಇಸವಿಯ ಆಗಸ್ಟ್ 4ರ ರಾತ್ರಿಯ ಕಥೆಯನ್ನು ಹೇಳಿಯೇ ಬಿಡುವರು. ವರ್ಸೈಯ ಸಭೆಯಲ್ಲಿ ಕುಲೀನರು ಒಬ್ಬರ ಹಿಂದೊಬ್ಬರಾಗಿ ಎದ್ದು ನಿಂತು, ತಮ್ಮ ಹಕ್ಕುಗಳನ್ನು ತಾವೇ ಬಿಟ್ಟುಕೊಟ್ಟರೆಂಬ ಘಟ್ಟಕ್ಕೆ ಬಂದಾಗ ಅವರ ಕಂಠ ಗದ್ಗದವಾಗುತ್ತಿತ್ತು. ಅವರು ಒರಗಿ ಕೂರುತ್ತಿದ್ದ ಗೋಡೆಯ ಆಚೆ, ಉಗ್ರಾಣದಲ್ಲಿ, ಬೈಹುಲ್ಲಿನಿಂದ ಬಿಗಿದು ಕಟ್ಟಿದ ಅಕ್ಕಿಯ ಮುಡಿಗಳು ಸಾಲಾಗಿ ಇರುತ್ತಿದ್ದುವು. ಅದು ಗೇಣಿಯ ಅಕ್ಕಿ. ಊರಿನಲ್ಲಿದ್ದ ನಮ್ಮ ಗದ್ದೆಯನ್ನು ಮಾಡುತ್ತಿದ್ದ ಒಕ್ಕಲಿನವರು ವರ್ಷಕ್ಕೊಮ್ಮೆ ತಂದು ಹಾಕುತ್ತಿದ್ದುದು. ಅಜ್ಜನ ಸಂಬಳ ಎಷ್ಟು ಮಾತ್ರದ್ದು? ಮನೆಯ ಇಪ್ಪತ್ತು ಮಂದಿ ಉಣ್ಣುತ್ತಿದ್ದುದು ಆ ಅಕ್ಕಿಯನ್ನೇ. ಸ್ವಾತಂತ್ರ್ಯ, ಸಮಾನತೆ, ಸೋದರಭಾವ ಎಂದು ಬಾಯಲ್ಲಿ ಹೇಳಲು ಬೇಕಾದ ಕಸುವನ್ನು ಕೊಟ್ಟದ್ದೂ ಆ ಅಕ್ಕಿಯೇ ಎಂಬುದು ಹುಡುಗನಾಗಿದ್ದಾಗ ನನಗೆ ಹೊಳೆಯಲಿಲ್ಲ.

ಹೊಳೆದ ಮೇಲೆ ಒಂದು ಪ್ರಶ್ನೆ ಮನಸ್ಸನ್ನು ಕೊರೆಯತೊಡಗಿತು. ತನ್ನ ಅನ್ನದ ತಟ್ಟೆಯನ್ನೇ ಮಗುಚಿ ಹಾಕಬಲ್ಲ ವಿಚಾರವೊಂದನ್ನು ಮನುಷ್ಯನು ಪ್ರಾಮಾಣಿಕವಾಗಿ ನಂಬುವುದು ಸಾಧ್ಯವೇ? ನಂಬುತ್ತೇನೆಂದು ಅವನು ಹೇಳಿದರೆ ಅದನ್ನು ಸೋಗು ಎನ್ನಬೇಕೇ? ಅಥವಾ ಬೇರೆ ಹೆಸರಿದೆಯೇ?

ಅಜ್ಜನಿಗೆ ಪ್ರಿಯವಾದ ಫ್ರಾನ್ಸಿನಿಂದಲೇ ಹೊರಡೋಣ. ಕ್ರಾಂತಿಗೆ ಮುಂಚಿನ ಫ್ರಾನ್ಸಿನಲ್ಲಿ ಸಮಾಜವು ಮೂರು ವರ್ಗಗಳಾಗಿತ್ತೆಂಬುದನ್ನು ನಾವೆಲ್ಲ ಶಾಲೆಯಲ್ಲಿ ಉರುಹೊಡೆದವರೇ: ಪಾದ್ರಿಗಳು, ಕುಲೀನರು, ಮಿಕ್ಕವರು. ಮಿಕ್ಕವರೆಂದರೆ ನೂರಕ್ಕೆ ತೊಂಬತ್ತೈದಕ್ಕಿಂತಲೂ ಹೆಚ್ಚು ಜನ. ಭೂಮಿಯ ತೆರಿಗೆಯ ಭಾರ, ಉಪ್ಪಿನ ತೆರಿಗೆ, ಚರ್ಚಿನ ದಶಮಾಂಶ, ಧಣಿಯ ಕಾಣಿಕೆ, ರಸ್ತೆಯ ಬಿಟ್ಟಿ ಎಲ್ಲವೂ ಕೊನೆಗೆ ಬಂದು ಕೂರುತ್ತಿದ್ದುದು ರೈತನ ಹೆಗಲಿನ ಮೇಲೆ. ಇದು ಪಠ್ಯಪುಸ್ತಕದ ಮಾತು, ಮತ್ತು ನಿಜವಾದ ಮಾತು. ಪಠ್ಯಪುಸ್ತಕವು ಅಷ್ಟಾಗಿ ಹೇಳದ ಒಂದು ಸಂಗತಿಯಿದೆ. ಈ ಏರ್ಪಾಡನ್ನು ಪ್ರಶ್ನಿಸಿದ ವಾಲ್ಟೇರ್, ರೂಸೋ, ದಿದೆರೋ ಮೊದಲಾದವರ ಬರವಣಿಗೆಯನ್ನು ಹಣ ಕೊಟ್ಟು ಕೊಂಡು, ಚರ್ಮದ ರಟ್ಟು ಹಾಕಿಸಿ, ಸವಿದು ಓದಿದವರಲ್ಲಿ ಆ ಏರ್ಪಾಡಿನಿಂದಲೇ ಬದುಕುತ್ತಿದ್ದ ಮಂದಿ ಬಹಳ. ಕೈಗಡಿಯಾರ ಮಾಡುವವನ ಮಗನಾದ ರೂಸೋವಿಗೆ ಮನೆ ಬಿಟ್ಟುಕೊಟ್ಟು ಉಪಚರಿಸಿದವನು ಫ್ರಾನ್ಸಿನ ಒಬ್ಬ ಮಾರ್ಷಲ್. 1784ರಲ್ಲಿ ಬೋಮಾರ್ಷೆಯ ‘ಫಿಗಾರೋನ ಮದುವೆ’ ಎಂಬ ನಾಟಕ ರಂಗಕ್ಕೆ ಬಂದಾಗ, ಧಣಿಯನ್ನು ಆಳು ಮೂದಲಿಸುವ ಮಾತುಗಳಿಗೆ ಚಪ್ಪಾಳೆ ತಟ್ಟಿದವರಲ್ಲಿ ಧಣಿಗಳೇ ಮುಂದಿನ ಸಾಲಿನಲ್ಲಿದ್ದರು.

ಇವರೆಲ್ಲರಿಗಿಂತ ನನ್ನ ಮನಸ್ಸಿನಲ್ಲಿ ನಿಂತಿರುವವನು ಮಾಲ್‌ಜೆರ್ಬ್. ದೊಡ್ಡ ಮನೆತನದವನು, 1750ರಿಂದ 1763ರವರೆಗೆ ಅರಸನ ಪರವಾಗಿ ಪುಸ್ತಕ ವ್ಯಾಪಾರದ ಮೇಲ್ವಿಚಾರಣೆ ಮಾಡುತ್ತಿದ್ದ ಅಧಿಕಾರಿ. ಬೇಡದ ಪುಸ್ತಕಗಳನ್ನು ತಡೆಯುವುದೇ ಅವನ ಉದ್ಯೋಗ. 1752ರಲ್ಲಿ ದಿದೆರೋನ ವಿಶ್ವಕೋಶದ ಮೇಲೆ ಅರಸನ ಆಜ್ಞೆ ಬಂದಿತು, ಹಸ್ತಪ್ರತಿಗಳನ್ನು ವಶಪಡಿಸಿಕೊಳ್ಳಬೇಕು. ಮಾಲ್‌ಜೆರ್ಬ್ ಮುಂಚಿತವಾಗಿಯೇ ದಿದೆರೋನಿಗೆ ಸುದ್ದಿ ಮುಟ್ಟಿಸಿದ. ಇಷ್ಟೊಂದು ಕಾಗದವನ್ನು ಈಗಿಂದೀಗ ಎಲ್ಲಿ ಅಡಗಿಸಲಿ ಎಂದು ದಿದೆರೋ ಕೈಚೆಲ್ಲಿದಾಗ, ನನ್ನ ಮನೆಗೇ ಕಳಿಸಿಬಿಡು, ಅಲ್ಲಿ ಯಾರೂ ಹುಡುಕಲಾರರು ಎಂದನಂತೆ. ಇದನ್ನು ದಿದೆರೋನ ಮಗಳು ಬರೆದಿಟ್ಟಿದ್ದಾಳೆ. ವಿಶ್ವಕೋಶ ಉಳಿಯಿತು, 1772ರ ಹೊತ್ತಿಗೆ 28 ಸಂಪುಟಗಳಾಗಿ ಪೂರ್ತಿಯಾಯಿತು. ಇದೇ ಮಾಲ್‌ಜೆರ್ಬ್ ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಸೆರೆಯಲ್ಲಿದ್ದ ಅರಸನ ಪರವಾಗಿ ವಾದಿಸಲು ತಾನಾಗಿ ಮುಂದೆ ಬಂದ. 1794ರ ಏಪ್ರಿಲಿನಲ್ಲಿ ಮಗಳು ಮೊಮ್ಮಗಳೊಡನೆ ಗಿಲೋಟಿನಿಗೆ ತಲೆಕೊಟ್ಟ. ಹೊಸ ವಿಚಾರವನ್ನು ತನ್ನ ಮನೆಯಲ್ಲಿ ಬಚ್ಚಿಟ್ಟು ಕಾಪಾಡಿದವನು ಅವನು. ಆ ವಿಚಾರದ ಹೆಸರು ಹೇಳಿಕೊಂಡು ಬಂದವರೇ ಅವನನ್ನು ಕೊಂದರು. ಅವನನ್ನು ಸೋಗಿನವನೆಂದು ಕರೆಯಲು ನನಗೆ ನಾಲಗೆ ಏಳುವುದಿಲ್ಲ.

ಕ್ರಾಂತಿಯನ್ನು ತಂದುದು ವಿಚಾರವೋ ಹಸಿವೋ ಎಂಬ ವ್ಯಾಜ್ಯ ಇನ್ನೂರು ವರ್ಷಗಳಿಂದ ನಡೆದುಬಂದಿದೆ. 1788ರ ಜುಲೈಯಲ್ಲಿ ಆಲಿಕಲ್ಲಿನ ಮಳೆ ಬಿದ್ದು ಬೆಳೆ ಹಾಳಾಯಿತು. ಮರುವರ್ಷ ಜುಲೈಯ ನಡುವಿಗೆ ಪ್ಯಾರಿಸಿನಲ್ಲಿ ರೊಟ್ಟಿಯ ಬೆಲೆ ತುದಿಗೇರಿತ್ತು. ಬಾಸ್ತೀಯ್ ಬಿದ್ದುದು ಆಗಲೇ. ಹಾಗಾದರೆ ಹಸಿವೇ ಸರಿ ಎನ್ನೋಣವೇ? ಆದರೆ ಅದಕ್ಕೂ ಹಿಂದೆ ಎಷ್ಟು ಬಾರಿ ಬೆಳೆ ಹೋಗಿರಲಿಲ್ಲ, ಎಷ್ಟು ಬಾರಿ ಜನ ಸತ್ತಿರಲಿಲ್ಲ! ಈ ವ್ಯಾಜ್ಯವನ್ನು ಫ್ರಾನ್ಸಿನಲ್ಲಿಯೇ ಕುಳಿತು ತೀರ್ಮಾನಿಸುವುದು ಕಷ್ಟ. ನಮ್ಮ ಊರಿನ ಬಂದರಿಗೆ ಬಂದರೆ ಸ್ವಲ್ಪ ಬೆಳಕು ಬಿದ್ದೀತು. ಹಾಸ್ಯವಲ್ಲ. ಆ ಕಾಲದ ಫ್ರಾನ್ಸಿಗೂ ನಮ್ಮ ನಾಡಿಗೂ ಹೋಗಿಬರುವ ದಾರಿಯಿತ್ತು.

1788ರ ಆಗಸ್ಟ್ 10ರಂದು ವರ್ಸೈಯ ಅರಮನೆಯಲ್ಲಿ ಹದಿನಾರನೆಯ ಲೂಯಿ ಅರಸನು ಮೂವರು ವಿದೇಶೀ ರಾಯಭಾರಿಗಳನ್ನು ಬರಮಾಡಿಕೊಂಡನು. ಅವರು ಶ್ರೀರಂಗಪಟ್ಟಣದಿಂದ ಟಿಪ್ಪು ಸುಲ್ತಾನನು ಕಳಿಸಿದವರು. ಅದಕ್ಕೆ ಎರಡೇ ದಿನ ಮುಂಚೆ, ಮೂರು ವರ್ಗಗಳ ಮಹಾಸಭೆಯನ್ನು ಮರುವರ್ಷದ ಮೇ ತಿಂಗಳಿಗೆ ಕರೆಯುವುದಾಗಿ ಅರಸನ ಪ್ರಕಟಣೆ ಹೊರಟಿತ್ತು. ಆರು ದಿನ ಕಳೆದ ಮೇಲೆ ಬೊಕ್ಕಸ ಬರಿದಾಗಿ ಸರಕಾರವು ಸಾಲದ ಪಾವತಿಯನ್ನೇ ನಿಲ್ಲಿಸಿತು. ಕುಸಿಯುತ್ತಿರುವ ಮನೆಯ ನಡುಮನೆಯಲ್ಲಿ ನಮ್ಮವರು ಜರತಾರಿ ಉಡುಪಿನಲ್ಲಿ ನಿಂತಿದ್ದರು! ಟಿಪ್ಪು ಫ್ರೆಂಚರಿಂದ ಬಯಸಿದ್ದು ಸೈನ್ಯದ ನೆರವು. ಜೊತೆಗೆ ಬಂದೂಕು ಮಾಡುವವರು, ಗಾಜಿನ ಕೆಲಸದವರು, ಪಿಂಗಾಣಿಯ ಕೆಲಸದವರು, ಗಡಿಯಾರ ಮಾಡುವವರು. ಗಡಿಯಾರ ಮಾಡುವವನು ಬೇಕಾಗಿತ್ತು. ಗಡಿಯಾರ ಮಾಡುವವನ ಮಗ ಬರೆದಿಟ್ಟುಹೋದ ಪುಸ್ತಕ ಬೇಕಾಗಿರಲಿಲ್ಲ. ತಪ್ಪೆಂದು ಹೇಳುತ್ತಿಲ್ಲ. ಬಾಗಿಲಲ್ಲಿ ಶತ್ರು ನಿಂತಿರುವ ಅರಸನು ಬಂದೂಕನ್ನೇ ಕೇಳುತ್ತಾನೆ.

ವಿಚಾರವು ಆಮೇಲೆ ಬಂದಿತು, ಒಡಕು ಹಡಗಿನಲ್ಲಿ. 1797ರ ಮೊದಲ ಭಾಗದಲ್ಲಿ ಮಾರಿಷಸ್ ದ್ವೀಪದ ಕಡೆಯಿಂದ ರಿಪೋ ಎಂಬ ಫ್ರೆಂಚ್ ನಾವಿಕನು ಜಖಂಗೊಂಡ ಹಡಗಿನೊಡನೆ ನಮ್ಮ ಮಂಗಳೂರಿಗೆ ಬಂದು ಸೇರಿದನು. ತಾನು ಫ್ರೆಂಚ್ ಗಣರಾಜ್ಯದ ಪ್ರತಿನಿಧಿಯೆಂದು ಹೇಳಿಕೊಂಡನು. ಅವನನ್ನು ಶ್ರೀರಂಗಪಟ್ಟಣಕ್ಕೆ ಕರೆದೊಯ್ದರು. ಆ ವರ್ಷದ ಮೇ ತಿಂಗಳಲ್ಲಿ, ಸುಲ್ತಾನನ ಸೇವೆಯಲ್ಲಿದ್ದ ಫ್ರೆಂಚರು ಅಲ್ಲಿ ಒಂದು ಜಾಕೊಬಿನ್ ಕೂಟ ಕಟ್ಟಿ, ಸ್ವಾತಂತ್ರ್ಯದ ವೃಕ್ಷವೊಂದನ್ನು ನೆಟ್ಟು, ಅರಸರಿಗೆಲ್ಲ ಧಿಕ್ಕಾರ ಹೇಳಿ, ಟಿಪ್ಪುವೊಬ್ಬನನ್ನು ಮಾತ್ರ ಬಿಟ್ಟರೆಂದು 1799ರಲ್ಲಿ ಇಂಗ್ಲಿಷರ ಕೈಸೇರಿದ ಕಾಗದಪತ್ರಗಳು ಹೇಳುತ್ತವೆ. ಈ ಪತ್ರಗಳನ್ನು ಪೂರ್ತಿಯಾಗಿ ನಂಬಬಾರದೆನ್ನುವ ಇತಿಹಾಸಕಾರರೂ ಇದ್ದಾರೆ. ನಡೆದಿತ್ತೆಂದೇ ಇಟ್ಟುಕೊಳ್ಳೋಣ. ಆ ಗಿಡದ ಸುತ್ತ ನಿಂತವರು ಕೆಲವೇ ಹತ್ತು ಮಂದಿ ಪರದೇಶೀ ಕುಶಲಕರ್ಮಿಗಳು ಮತ್ತು ಸಿಪಾಯಿಗಳು. 1784ರಲ್ಲಿ ನಮ್ಮ ಕೆನರಾ ಸೀಮೆಯಿಂದ ಒಯ್ಯಲ್ಪಟ್ಟ ಕ್ರೈಸ್ತ ಕುಟುಂಬಗಳಲ್ಲಿ ಉಳಿದವರು ಆಗಲೂ ಅದೇ ರಾಜ್ಯದಲ್ಲಿ ಸೆರೆಯಲ್ಲಿದ್ದರು. ಅವರಿಗೆ ಆ ವೃಕ್ಷದ ಸುದ್ದಿ ತಲಪಿದ್ದಿರಲಾರದು. ಕಾವೇರಿಯ ದಡದ ರೈತನಿಗಂತೂ ಅದು ಯಾವ ಜಾತಿಯ ಮರವೆಂದೇ ಗೊತ್ತಿರಲಿಲ್ಲ. ವಿಚಾರವು ಹಡಗಿನಲ್ಲಿ ಬರಬಹುದು. ಅದನ್ನು ತನ್ನದೆಂದು ಎತ್ತಿಕೊಳ್ಳುವ ಜನ ದಡದಲ್ಲಿ ನಿಂತಿಲ್ಲವಾದರೆ ಅದು ಹಾಗೆಯೇ ಒಣಗಿಹೋಗುತ್ತದೆ.

ಇದಕ್ಕೆ ಪ್ರತಿಯಾದ ಇನ್ನೊಂದು ಸಂಗತಿಯೂ ನಮ್ಮಲ್ಲಿಯೇ ನಡೆದಿದೆ. 1834ರಲ್ಲಿ ಇಂಗ್ಲಿಷರು ಕೊಡಗನ್ನು ನುಂಗಿ, ಅದಕ್ಕೆ ಸೇರಿದ್ದ ಅಮರ ಸುಳ್ಯ, ಪುತ್ತೂರು ಭಾಗಗಳನ್ನು ನಮ್ಮ ಜಿಲ್ಲೆಗೆ ಸೇರಿಸಿದರು. ಧಾನ್ಯದ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಾಗಿ ತೆರಬೇಕಾಗಿ ಬಂದಿತು. ಬೆಳೆದವನ ಕೈಯಲ್ಲಿ ಭತ್ತವಿದೆ, ನಾಣ್ಯವಿಲ್ಲ. 1837ರ ಏಪ್ರಿಲಿನಲ್ಲಿ ಜನ ದಂಡುಕಟ್ಟಿ ಬಂದು ಮಂಗಳೂರನ್ನೇ ಹಿಡಿದುಬಿಟ್ಟರು. ನಾವು ಇಂದು ಬಾವುಟಗುಡ್ಡೆಯೆನ್ನುವಲ್ಲಿ ತಮ್ಮ ಬಾವುಟ ಏರಿಸಿದರು. ನಮ್ಮ ಹಿರಿಯರು ಇದನ್ನು ‘ಕಲ್ಯಾಣಪ್ಪನ ಕಾಟಕಾಯಿ’ ಎಂದು ಹಗುರಾಗಿ ಕರೆದು ಮರೆತರು. ಅಲ್ಲಿ ಸಂಕಟವಿತ್ತು, ಧೈರ್ಯವಿತ್ತು, ಜನವಿತ್ತು. ಆದರೆ ಅವರು ಎದ್ದುದು ಕಳೆದುಹೋದ ಹಾಲೇರಿ ಅರಸೊತ್ತಿಗೆಯ ಹೆಸರಿನಲ್ಲಿ. ಹೋದ ಅರಸನು ಬಂದರೆ ಸಾಕು, ಹಳೆಯ ಕಂದಾಯ ಬಂದರೆ ಸಾಕು. ನೊಂದವನ ಕಣ್ಣಿಗೆ ಹಿಂದಿನ ದಾರಿಯೊಂದೇ ಕಂಡಿತು; ಮುಂದೆ ಬೇರೊಂದು ದಾರಿಯಿರಬಹುದೆಂದು ಹೇಳುವ ಮಾತು ಅವನ ಬಳಿಯಲ್ಲಿ ಇರಲಿಲ್ಲ. ಕೆಲವೇ ದಿನಗಳಲ್ಲಿ ಎಲ್ಲ ಮುಗಿಯಿತು, ನೇಣುಗಂಬಗಳ ಹೊರತು.

ಮಾತು ಬೆಳೆದುದು ಪೇಟೆಯಲ್ಲಿ. ಬಾಸೆಲ್ ಮಿಶನಿನವರು 1834ರಲ್ಲಿ ಬಂದರು. 1843ರ ಜುಲೈ 1ರಂದು ಮೋಗ್ಲಿಂಗ್ ಮಹಾಶಯನು ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದನು. ಕನ್ನಡಕ್ಕೆ ಪತ್ರಿಕೆಯೆಂಬುದು ಹುಟ್ಟಿದುದು ಹೀಗೆ. ಶಾಲೆಗಳಾದುವು, ಕಾಲೇಜುಗಳಾದುವು, ಕೋರ್ಟಿನ ಸುತ್ತ ವಕೀಲರ ಒಂದು ದೊಡ್ಡ ಸಮುದಾಯವೇ ಬೆಳೆಯಿತು. ಫ್ರಾನ್ಸಿನ ಮೂರನೆಯ ವರ್ಗದ ಸುಮಾರು 600 ಪ್ರತಿನಿಧಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ವಕೀಲರು ಮತ್ತು ಕೋರ್ಟು ಕಚೇರಿಗಳ ಅಧಿಕಾರಿಗಳಾಗಿದ್ದರು. ನೇಗಿಲು ಹಿಡಿದವನೊಬ್ಬನನ್ನು ಅವರಲ್ಲಿ ಹುಡುಕಬೇಕಾಗಿತ್ತು. ನಮ್ಮಲ್ಲಿಯೂ ಅಷ್ಟೆ. ಪತ್ರಿಕೆ ಓದುವವರು, ಸಭೆ ಸೇರುವವರು, ಸಮಾಜ ಸುಧಾರಣೆಯ ಗೊತ್ತುವಳಿಗಳನ್ನು ಅನುಮೋದಿಸುವವರು ಯಾರು? ಪೇಟೆಯ ಮನೆ, ಹಳ್ಳಿಯ ಗದ್ದೆ ಎರಡೂ ಇದ್ದ ಮಂದಿ. ಮೂಲಗೇಣಿಯ ಒಕ್ಕಲಿಗಾದರೆ ಗೇಣಿ ಖಾಯಂ, ಕಾಲೂರಲು ಒಂದಿಷ್ಟು ನೆಲವುಂಟು. ಚಾಲಗೇಣಿಯವನು ಧಣಿಯ ಮರ್ಜಿಯಿರುವ ತನಕ ಇರಬೇಕು; ಏಳೆಂದರೆ ಏಳಬೇಕು. ಇವರ ಕೆಳಗೆ ಮೂಲದಾಳುಗಳು. ಅವರ ಮಾತನ್ನು ಯಾವ ಗೊತ್ತುವಳಿಯೂ ಎತ್ತಿದಂತಿಲ್ಲ.

ಎತ್ತಿದವರೊಬ್ಬರಿದ್ದರು ಎನ್ನಬೇಕು. ಕಾಸರಗೋಡಿನಲ್ಲಿ 1859ರಲ್ಲಿ ಹುಟ್ಟಿದ ಕುದ್ಮುಲ್ ರಂಗರಾಯರು ಇದೇ ವಕೀಲರ ಗುಂಪಿನವರು, ಸಾರಸ್ವತ ಬ್ರಾಹ್ಮಣರು. ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗೆ ಶಾಲೆ ತೆರೆದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಶನನ್ನು ಸ್ಥಾಪಿಸಿದರು. ವಿಚಾರವನ್ನು ಹೊಗಳಿದ್ದಕ್ಕೆ ಯಾರೂ ಅವರಿಗೆ ಬಹಿಷ್ಕಾರ ಹಾಕಲಿಲ್ಲ. ಅದನ್ನು ಮನೆಯ ಹೊಸ್ತಿಲೊಳಗೆ ತಂದುದಕ್ಕೆ ಹಾಕಿದರು. 1928ರಲ್ಲಿ ತೀರಿಕೊಂಡಾಗ, ತಾವು ಯಾರಿಗಾಗಿ ದುಡಿದರೋ ಅವರೇ ತಮ್ಮ ಶವಕ್ಕೆ ಹೆಗಲು ಕೊಡಬೇಕೆಂಬುದು ಅವರ ಇಚ್ಛೆಯಾಗಿತ್ತೆಂದು ಊರಿನಲ್ಲಿ ಇಂದಿಗೂ ಹೇಳುತ್ತಾರೆ. ನಮ್ಮ ಪುರಭವನಕ್ಕೆ ಅವರ ಹೆಸರಿಟ್ಟಿದ್ದೇವೆ. ಆ ಕಾಲದಲ್ಲಿ ಅವರ ಮನೆಯಲ್ಲಿ ಊಟಕ್ಕೆ ಕೂರಲು ಎಷ್ಟು ಮಂದಿ ಒಪ್ಪುತ್ತಿದ್ದರು ಎಂದು ಆ ಭವನದಲ್ಲಿ ಕುಳಿತಾಗಲೆಲ್ಲ ಯೋಚಿಸುತ್ತೇನೆ.

ರಂಗರಾಯರಂಥವರು ಸಾವಿರಕ್ಕೊಬ್ಬರು. ಉಳಿದ ಒಂಬೈನೂರ ತೊಂಬತ್ತೊಂಬತ್ತು ಮಂದಿಯ ಮಾತೇನು? ನನ್ನ ಅಜ್ಜನ ಮಾತೇನು? ಅವರು ಸುಳ್ಳರಲ್ಲ. ಕಣ್ಣೀರು ಸುಳ್ಳಾಗಿರಲಿಲ್ಲ. ಸಂಗೀತವನ್ನು ಮೆಚ್ಚಿದಂತೆ ಅವರು ಸಮಾನತೆಯನ್ನು ಮೆಚ್ಚಿದರು. ಕಛೇರಿ ಮುಗಿದ ಮೇಲೆ ಎದ್ದು ಮನೆಗೆ ಹೋದರು. ಬ್ಯಾಂಕುಗಳ ಊರಿನವನಾದ ನನಗೆ ಇದು ಪ್ರೋನೋಟಿನ ಹಾಗೆ ಕಾಣುತ್ತದೆ. ಒಂದು ವಿಚಾರವನ್ನು ಒಳ್ಳೆಯದೆಂದು ನಾಲ್ಕು ಜನರೆದುರು ಒಪ್ಪಿಕೊಂಡವನು ಒಂದು ಕಾಗದಕ್ಕೆ ರುಜು ಹಾಕಿದ್ದಾನೆ. ರುಜು ಹಾಕುವಾಗ ಕೈಯಿಂದ ಏನೂ ಹೋಗುವುದಿಲ್ಲ, ಮನಸ್ಸಿಗೆ ಸಂತೋಷವೂ ಆಗುತ್ತದೆ. ಆದರೆ ಕಾಗದವು ಕೈಯಿಂದ ಕೈಗೆ ಹೋಗುವ ವಸ್ತು. ನಾವು ಕಂಡರಿಯದ ಯಾರೋ ಒಬ್ಬನು ಒಂದು ದಿನ ಅದನ್ನು ಹಿಡಿದುಕೊಂಡು ಅಂಗಳಕ್ಕೆ ಬಂದು ನಿಲ್ಲುತ್ತಾನೆ. ಸತ್ಯವಂತಿಕೆಯ ಪ್ರಶ್ನೆ ಏಳುವುದು ಆ ಹೊತ್ತಿಗೆ. ರುಜು ಹಾಕಿದ ಹೊತ್ತಿಗಲ್ಲ. ವರ್ಸೈಯ ಕುಲೀನರ ಆ ಮಹಾ ರಾತ್ರಿಯನ್ನೇ ನೋಡಿ. ಹಳ್ಳಿಗಳಲ್ಲಿ ರೈತರು ಧಣಿಗಳ ಬಂಗಲೆಗಳಿಗೆ ಬೆಂಕಿಯಿಡುತ್ತಿದ್ದಾರೆಂಬ ಸುದ್ದಿ ಬಂದ ಮೇಲೆಯೇ ಅವರು ಎದ್ದು ನಿಂತದ್ದು. ಮತ್ತು ವಾರದೊಳಗೆ, ನೆಲದ ಮೇಲಿನ ಕಾಣಿಕೆಗಳನ್ನು ರೈತನು ಹಣ ಕೊಟ್ಟು ಬಿಡಿಸಿಕೊಳ್ಳತಕ್ಕದ್ದೆಂದು ಷರತ್ತು ಹಾಕಿದರು. ಬಿಡಿಕಾಸಿಲ್ಲದೆ ಅವು ರದ್ದಾದುದು 1793ರ ಜುಲೈಯಲ್ಲಿ. ಅಜ್ಜನು ಕಥೆಯನ್ನು ಆಗಸ್ಟ್ 4ರ ರಾತ್ರಿಗೇ ನಿಲ್ಲಿಸಿಬಿಡುತ್ತಿದ್ದರು.

ನಮ್ಮ ಕಾಗದವೂ ಕೈ ಬದಲಾಯಿಸುತ್ತಿತ್ತು. ಆಗ ನಮ್ಮ ಜಿಲ್ಲೆಗೇ ಸೇರಿದ್ದ ಕಯ್ಯೂರಿನಲ್ಲಿ, ಶಾಲೆಯ ಮಾಸ್ತರರೂ ವಾಚನಾಲಯಗಳೂ ರೈತಸಂಘದೊಡನೆ ಕೈಗೂಡಿಸಿದ್ದ ಕಾಲದಲ್ಲಿ, 1941ರ ಮಾರ್ಚಿಯ ಮೆರವಣಿಗೆಯೊಂದರ ವೇಳೆ ಒಬ್ಬ ಪೋಲೀಸನು ಹೊಳೆಯಲ್ಲಿ ಸತ್ತನು. 1943ರ ಮಾರ್ಚ್ 29ರಂದು ನಾಲ್ವರು ರೈತ ಯುವಕರನ್ನು ಕಣ್ಣೂರಿನ ಜೈಲಿನಲ್ಲಿ ಗಲ್ಲಿಗೇರಿಸಿದರು. ನಿರಂಜನರ ‘ಚಿರಸ್ಮರಣೆ’ಯನ್ನು ಓದಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಜಗಲಿಯಲ್ಲಿ ಓದುತ್ತಿದ್ದ ಮಾತು ಅಂಗಳಕ್ಕೆ ಇಳಿದಿತ್ತು. ಭೂಸುಧಾರಣೆಯ ಕಾನೂನು 1961ರಲ್ಲಿ ಆಯಿತು, 1965ರ ಅಕ್ಟೋಬರ್ 2ರಿಂದ ಜಾರಿಗೆ ಬಂದಿತು. ಸ್ವಂತ ಸಾಗುವಳಿಗೆಂದು ಧಣಿಯು ನೆಲವನ್ನು ಹಿಂದಕ್ಕೆ ಪಡೆಯಲು ಅದರಲ್ಲಿ ಎಡೆಯಿತ್ತು. ಒಕ್ಕಲಿನವನಿಂದ ‘ತಾನಾಗಿಯೇ ಬಿಟ್ಟುಕೊಟ್ಟಿದ್ದೇನೆ’ ಎಂಬ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡ ಮನೆಗಳು ಎಷ್ಟೋ. ದೇವರಾಜ ಅರಸರ ಸರಕಾರದ ತಿದ್ದುಪಡಿ ಬಂದ ಮೇಲೆ ಆ ಎಡೆ ಮುಚ್ಚಿತು. 1974ರ ಮಾರ್ಚ್ 1ರಿಂದ ಗೇಣಿಯ ನೆಲವೆಲ್ಲ ಸರಕಾರಕ್ಕೆ ಸೇರಿದ್ದು. ಗೇಣಿದಾರನು 7ನೆಯ ನಮೂನೆಯ ಅರ್ಜಿ ಹಾಕಿದರೆ ಟ್ರಿಬ್ಯೂನಲ್ಲು ಅದನ್ನು ಅವನ ಹೆಸರಿಗೆ ಮಾಡಿಕೊಡತಕ್ಕದ್ದು. ವಕೀಲರಿಗೆ ಅಲ್ಲಿ ಮೊದಮೊದಲು ಪ್ರವೇಶವೇ ಇರಲಿಲ್ಲ. ವಕೀಲರ ಊರಿಗೆ ಇದಕ್ಕಿಂತ ದೊಡ್ಡ ಕ್ರಾಂತಿ ಬೇಕೇ!

ನಷ್ಟವಾದವರೆಲ್ಲರೂ ದೊಡ್ಡ ಧಣಿಗಳಲ್ಲ. ಎರಡು ಮುಡಿ ಗೇಣಿಯನ್ನೇ ನಂಬಿಕೊಂಡು ಪೇಟೆಯ ಬಿಡಾರದಲ್ಲಿ ದಿನ ನೂಕುತ್ತಿದ್ದ ವಿಧವೆಯರನ್ನು ನಾನು ಕಂಡಿದ್ದೇನೆ. ಅವರ ಕಷ್ಟಕ್ಕೆ ಯಾವ ತತ್ತ್ವಜ್ಞಾನವೂ ಉತ್ತರವಲ್ಲ. ಇತ್ತ, ಉಳುವವನೇ ಹೊಲದೊಡೆಯನೆಂದು ಕೂಗಿದರೂ ಕಾನೂನು ಉಳುವವನೆಂದು ಬಗೆದುದು ಹೆಚ್ಚಾಗಿ ಗೇಣಿಚೀಟಿ ಇದ್ದವನನ್ನು. ಮಳೆಯಲ್ಲಿ ನಿಂತು ನೇಗಿಲ ಮೇಣಿ ಹಿಡಿದಿದ್ದ ಮೂಲದಾಳಿಗೆ ಬಿಡಾರದ ಜಾಗ ಸಿಕ್ಕಿದರೆ ಪುಣ್ಯ. ಕಾರಂತರು 1933ರಲ್ಲಿಯೇ ‘ಚೋಮನ ದುಡಿ’ ಬರೆದಿದ್ದರು. ತುಂಡು ಗದ್ದೆಗಾಗಿ ಹಂಬಲಿಸಿದ ಚೋಮನನ್ನು ನಾವೆಲ್ಲ ಓದಿ ಮರುಗಿದೆವು. ಅದೂ ಒಂದು ರುಜುವೇ.

ನಮ್ಮ ಒಕ್ಕಲಿನ ಹಿರಿಯನು 1975ರಲ್ಲಿ ಒಂದು ಬೆಳಿಗ್ಗೆ ಬಂದು, ಎಂದಿನಂತೆ ಅಂಗಳದಲ್ಲಿ ನಿಂತು, ಅರ್ಜಿ ಹಾಕಿರುವುದಾಗಿ ತುಳುವಿನಲ್ಲಿ ಹೇಳಿದನು. ಅಜ್ಜ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಯಾರು ಹೇಳಿಕೊಟ್ಟರು?” ಎಂದರು.

“ಯಾರೂ ಇಲ್ಲ ಧಣಿಗಳೇ. ಪೇಪರಿನಲ್ಲಿ ಬಂದಿದೆಯಂತಲ್ಲ?”

ಪೇಪರು ಅಜ್ಜನ ಮಡಿಲಲ್ಲಿಯೇ ಇತ್ತು. ಅವನು ಹೋದ ಮೇಲೆ ಚಿಕ್ಕಪ್ಪನವರು ತಕರಾರು ಬರೆದರು: ಇದು ಗೇಣಿಯ ಗದ್ದೆಯಲ್ಲ, ನಾವೇ ಕೂಲಿ ಕೊಟ್ಟು ಮಾಡಿಸುತ್ತಿದ್ದುದು ಎಂದು. ಅಜ್ಜ ಅದನ್ನು ಎರಡು ಸಲ ಓದಿದರು. ಮೂವತ್ತು ವರ್ಷ ಫ್ರಾನ್ಸಿನ ಕ್ರಾಂತಿಯನ್ನು ಪಾಠ ಮಾಡಿದ ಕೈ ಅದಕ್ಕೆ ಸಹಿ ಹಾಕಿತು, ನಾನು ನೋಡುತ್ತಿದ್ದೆ. ವಿಚಾರಣೆಯ ದಿನ ಅವರೇ ಹೋಗಿ ಪ್ರಮಾಣ ಮಾಡಿ ಹೇಳಬೇಕಾಗಿತ್ತು. ಆ ದಿನ ಬೆಳಿಗ್ಗೆ ಜ್ವರವೆಂದು ಮುಸುಕು ಹಾಕಿ ಮಲಗಿದವರು ಸಂಜೆಯ ತನಕ ಏಳಲಿಲ್ಲ. ಚಿಕ್ಕಪ್ಪ ಕೂಗಾಡಿದರು. ಹಣೆ ಮುಟ್ಟಿ ನೋಡೆಂದು ಅಜ್ಜಿ ನನಗೆ ಹೇಳಿದರು, ನಾನು ಮುಟ್ಟಲಿಲ್ಲ. ಗದ್ದೆ ಹೋಯಿತು.

ಮರುವರ್ಷವೂ ಒಕ್ಕಲಿನವನು ಬಂದನು, ಮುಡಿಯಿಲ್ಲದೆ, ಒಂದು ಹೊರೆ ಸೌತೆಕಾಯಿಯೊಂದಿಗೆ. ಅಜ್ಜ ಜಗಲಿಯ ಮೇಲೆ ತಮ್ಮ ಪಕ್ಕದ ಜಾಗವನ್ನು ತೋರಿಸಿ, “ಕೂತುಕೊಳ್ಳಿ” ಎಂದರು. ಬಹುವಚನವನ್ನು ಕೇಳಿ ಅವನು ಒಮ್ಮೆ ಹಿಂದಕ್ಕೆ ತಿರುಗಿ ನೋಡಿದನು. ಆಮೇಲೆ ಅಂಚಿನಲ್ಲಿ, ಬೀಳುವವನ ಹಾಗೆ, ಕುಳಿತುಕೊಂಡನು. ಅಜ್ಜಿ ಬೆಲ್ಲ, ನೀರು ತಂದಿಟ್ಟರು. ಇಬ್ಬರೂ ಮಳೆಯ ವಿಷಯ ಮಾತಾಡಿದರು.

ಸೌತೆಕಾಯಿಯ ಹೊರೆಯನ್ನು ಊರಿನಿಂದ ತಲೆಯ ಮೇಲೆ ಹೊತ್ತುಕೊಂಡು ಬಂದಿದ್ದವನೊಬ್ಬನು ಇದ್ದನು. ಅವನು ಅದನ್ನು ಇಳಿಸಿ, ಮುಟ್ಟಾಳೆಯನ್ನು ಕೈಯಲ್ಲಿ ಹಿಡಿದುಕೊಂಡು, ತಡಮೆಯ ಆಚೆ ನಿಂತಿದ್ದನು. ಅವನನ್ನು ಒಳಕ್ಕೆ ಕರೆಯಬೇಕೆಂದು ನಮ್ಮಲ್ಲಿ ಯಾರಿಗೂ ತೋಚಲಿಲ್ಲ. ಜಗಲಿಯಲ್ಲಿ ಕುಳಿತಿದ್ದ ಹೊಸ ಒಡೆಯನಿಗೂ ತೋಚಲಿಲ್ಲ.